ಖಾಜಾಸಾಬರ ಅಂಗಡಿಯ ಕಿವಿಗಳು

ರಾಯಚೂರಿಗೆ ಬಂದ ಹೊಸತರಲ್ಲಿ ಸಂತೆಯಲ್ಲಿ ನಾನು ಕೇಳಿದ್ದು ಒಂದು ಇಡೀ ಕುರಿತಲೆ. ಕಟುಕರ ಖಾಜಾಸಾಬರು ಕೊಟ್ಟಿದ್ದು ಸುಟ್ಟು, ಕೆರೆದು, ಕತ್ತಿಯಿಂದ ಒಡೆದ ಹೋಳುಗಳನ್ನು. ಜೊತೆಗೆ ಖಾರ ಎಷ್ಟು ಹಾಕಬೇಕೆಂಬ ಸಲಹೆ ಬೇರೆ. ನನಗೆ ಬೇಕಾಗಿದ್ದುದು ಅದರ ಕಿವಿ!

ಎಪ್ಪತ್ತರ ದಶಕದ ಕೊನೆಯ ಮಾತಿದು. ಕುಂದಾಪುರದ ಕಡಲ ಪಕ್ಕ ಹುಟ್ಟಿದ ನಾನು ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಇಲ್ಲಿನ ಆಸ್ಪತ್ರೆ ಸೇರಿದ್ದೆ. ಕಿವಿಯ ಹರಿದ ಪೊರೆಗೆ ತೇಪೆ ಹಾಕುವುದನ್ನು ಕಾಲೇಜಿನಲ್ಲಿ ದೊಡ್ಡವರ ಹೆಗಲ ಮೇಲಿಂದ ಇಣುಕಿ ನೋಡಿದ್ದೆನೇ ಹೊರತು ಸ್ವತಃ ಮಾಡಿರಲಿಲ್ಲ. ಆಗಲೇ ದೇವದುರ್ಗದ ಬಸ್ಸಿಳಿದು ಬಂದಳು ಜಾಲಹಳ್ಳಿಯ ಶಾಂತವ್ವ. ಕೂಲಿಯವರ ಮಗಳು, ಹೊಸದಾಗಿ ಟೀಚರಾದವಳು. ಎರಡೂ ಕಿವಿಯ ಪೊರೆ ತೂತು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು.

"ಹುಡುಗ್ರು ಹಿಂದಿಂದ ಕರದ್ರ ಕೇಳಂಗಿಲ್ರಿ. ಸಾಲಿ ಹೆಂಗ ನಡಸ್ಲಿ?" ಎಂದಳು. ಹೈದರಾಬಾದಿನ ಆಸ್ಪತ್ರೆಗೆ ಮನೆಯವರು ಕಳಿಸುವಂತಿರಲಿಲ್ಲ. ನಾನೇ ಮಾಡುತ್ತೇನೆ, ಆದರೆ ಕುರಿಯ ಕಿವಿಯಲ್ಲಿ ಕೈ ಪಳಗುವವರೆಗೆ ನಿನ್ನ ಕಿವಿ ಮುಟ್ಟುವುದಿಲ್ಲ ಎಂದೆ. ಒಪ್ಪಿದಳು.

ಮತ್ತೆ ಸಂತೆಗೆ ಹೋದೆ. ನಮ್ಮೂರಲ್ಲಿ ಇಡೀ ಬಂಗುಡೆ ಮೀನನ್ನು ಹಾಗೇ ಬುಟ್ಟಿಗೆ ಸುರಿಯುತ್ತಾರೆ. ಇಲ್ಲಿ ಹೆಣ್ಣುಮಗಳ ಕೈಗೆ ಒಡೆಯದ ತಲೆ ಕೊಟ್ಟರೆ ಅಂಗಡಿಗೇ ಅವಮಾನ. ಬೇಡ ಬೇಡ ಎನ್ನುತ್ತಿದ್ದಂತೆಯೇ ಕತ್ತಿ ಬೀಳುತ್ತಿತ್ತು. ಕೊನೆಗೆ ಖಾಜಾಸಾಬರನ್ನೇ ಆಸ್ಪತ್ರೆಗೆ ಕರೆದು, ಸೂಕ್ಷ್ಮದರ್ಶಕದಲ್ಲಿ ಕಿವಿಯೊಳಗಿನ ಪುಟ್ಟ ಎಲುಬು ತೋರಿಸಿದೆ.

"ಯಾ ಅಲ್ಲಾ! ಇಷ್ಟು ಸಣ್ಣದು ಇರ್ತದೇನ್ರಿ? ನಾ ದಿನಾ ಇದನ್ನ ಕುಟ್ಟಾಕತ್ತೀನಲ್ರಿ!" ಎಂದವರು ಆಮೇಲೆ ಯೋಚಿಸಿ, "ಕಿವಿ ನಿಮಗ, ಉಳದದ್ದು ನಮ್ಮ ಗಿರಾಕಿಗೆ" ಎಂದರು. ಅಂದಿನಿಂದ ತಲೆ ಸುಡುವ ಮೊದಲೇ ಎಲುಬಿನ ಸಮೇತ ಕಿವಿ ಎಲೆಯಲ್ಲಿ ಕಟ್ಟಿರುತ್ತಿತ್ತು.

ಮಾನ್ವಿ ರಸ್ತೆಯ ನನ್ನ ಬಾಡಿಗೆ ಮನೆಯ ಯಜಮಾನರು ಮೊಟ್ಟೆಯನ್ನೂ ಒಳಗೆ ಬಿಡದವರು. ಹಾಗಾಗಿ ಅಭ್ಯಾಸವೆಲ್ಲ ಆಸ್ಪತ್ರೆಯ ಸಾಮಾನು ಕೋಣೆಯಲ್ಲಿ. ಮೊಟ್ಟೆಚಿಪ್ಪಿನ ಒಳಗಿನ ಪೊರೆಯೇ ತೇಪೆ. ಹರಿಯಿತು, ಜಾರಿತು, ಮಡಚಿಕೊಂಡಿತು. ನಾನೂ ಬಿಡಲಿಲ್ಲ. ಸಂಜೆ ಒಬ್ಬಳೇ ಜೋಳದ ರೊಟ್ಟಿ ಮುರಿಯುವಾಗ ಕುಚ್ಚಲಕ್ಕಿ ಗಂಜಿ ನೆನಪಾಗುತ್ತಿತ್ತು. ಬೆಳಗಾದರೆ ಮತ್ತೆ ಖಾಜಾಸಾಬರ ಅಂಗಡಿ.

ಅಷ್ಟರಲ್ಲಿ ಇಲ್ಲಿನ ಮಾತೂ ನಾಲಿಗೆಗೆ ಹತ್ತಿತ್ತು. ರಜೆಗೆ ಹೋದಾಗ ಅಮ್ಮ, "ನೀನು ಪೂರಾ ಘಟ್ಟದ ಮೇಲಿನವಳಾದೆ" ಎಂದು ನಕ್ಕಳು. ನನಗೆ ಒಳಗೊಳಗೇ ಹೆಮ್ಮೆ.

ಶಾಂತವ್ವನ ಒಂದು ಕಿವಿಯ ಆಪರೇಶನ್ ದಿನ ತೇಪೆ ಹರಿಯಲಿಲ್ಲ, ಜಾರಲಿಲ್ಲ. ಗಾಯ ಮಾಯ್ದ ಮೇಲೆ ಅವಳನ್ನು ಗೋಡೆಯ ಕಡೆ ಕೂರಿಸಿ, ಬೆನ್ನ ಹಿಂದೆ ನಿಂತು ಮೆಲ್ಲಗೆ ಕೇಳಿದೆ: "ನಿನ್ನ ಸಾಲಿ ಯಾವೂರಾಗ ಅದವ್ವ?"

"ಮಸರಕಲ್‌ನಾಗ್ರಿ" ಎಂದಳು, ತಿರುಗದೆ. ನನ್ನ ಕಣ್ಣು ತುಂಬಿತು. ಅವಳು ತಲೆ ಓರೆ ಮಾಡಿ, "ಡಾಕ್ಟರಮ್ಮಾರ, ನೀವು ನಮ್ಮ ಕಡ್ಯಾರಲ್ಲ ಅನಸ್ತದ್ರಿ?" ಎಂದಳು.

ತುಟಿಯಲ್ಲಿ ಕಾಣದ ನನ್ನ ಕಡಲ ಕಡೆಯ ರಾಗ ಅವಳಿಗೆ ಈಗ ಕೇಳಿಸಿತ್ತು. ಇಲ್ಲಿ ನಾನು ಗುಣಪಡಿಸಿದ ಮೊದಲ ಕಿವಿಯೇ ನನ್ನನ್ನು ಹೊರಗಿನವಳೆಂದು ಹಿಡಿದುಬಿಟ್ಟಿತು. ನಗುವೋ ಅಳುವೋ ತಿಳಿಯಲಿಲ್ಲ.

"ಅಲ್ಲವ್ವ" ಎಂದೆ, ಇನ್ನೂ ಮೆಲ್ಲಗೆ, ಅವಳ ಬೆನ್ನ ಹಿಂದಿನಿಂದಲೇ.