ಚೀಟಿ ಮೊದಲೋ, ಬಾಯಿ ಮೊದಲೋ

ಮಾದನಹಿಪ್ಪರಗಾದಿಂದ ಬಂದ ಹಿರಿಯರೊಬ್ಬರು ನಮ್ಮ ವಿಭಾಗದ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಪುಟ್ಟ ಕನ್ನಡಿ ಒಳಗಿಟ್ಟು ನೋಡಿದ ನನಗೆ ಹೆದರಿಕೆಯಾಯಿತು. ಅವರ ಬಾಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಹೆದರಿಕೆಗೆ ಕಾರಣವೇ ಅದು. ಅವರನ್ನು ತುರ್ತು ಪತ್ರ ಬರೆದು ಕರೆಸಿದ್ದು, ಎಡಗೆನ್ನೆಯ ಒಳಗೆ ಕೊನೆಯ ದವಡೆ ಹಲ್ಲಿನ ಪಕ್ಕ ಫೋಟೋದಲ್ಲಿ ಕಂಡ ಬಿಳಿ ಮಚ್ಚೆಗಾಗಿ. ಇಲ್ಲಿ ಮಚ್ಚೆಯೂ ಇಲ್ಲ, ದವಡೆ ಹಲ್ಲೂ ಇಲ್ಲ. ಹಲ್ಲೆಂಬ ಪದಾರ್ಥವೇ ಇಲ್ಲ.

“ಅಜ್ಜಾರ, ಹಲ್ಲು ಯಾವಾಗ ಹೋದ್ವು?”

“ಹೋಗಿ ಹತ್ತು ವರ್ಷ ಆತ್ರಿ ಸಾಹೇಬ್ರ. ನೀವು ಜಲ್ದಿ ಬರ್ರಿ ಅಂತ ಬರ್ದೀರಿ. ಪುಕ್ಕಟ ಹಲ್ಲಿನ ಸೆಟ್ ಕೂಡಸ್ತಾರೇನೋ ಅಂತ ಓಡಿ ಬಂದೀನಿ.”

ಹತ್ತು ವರ್ಷದ ಹಿಂದೆ ಹೋದ ಹಲ್ಲು ಮೂರು ತಿಂಗಳ ಹಿಂದಿನ ಫೋಟೋದಲ್ಲಿ ಬರುವುದು ಸಾಧ್ಯವಿಲ್ಲ. ಅಂದರೆ ಆ ಬಾಯಿ ಬೇರೆ ಯಾರದೋ. ಆ ಬೇರೆ ಯಾರೋ ಎಲ್ಲೋ ಕುಳಿತು ಉಣ್ಣುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ.

ಹಿರಿಯರ ಸೆಟ್ಟಿಗೆ ಅಳತೆ ತೆಗೆಯಲು ಸಹಾಯಕರಿಗೆ ಹೇಳಿ, ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾನು ದಂತ ಕಾಲೇಜಿನಲ್ಲಿ ಪಾಠ ಹೇಳುವವನು. ನನ್ನ ವಿದ್ಯಾರ್ಥಿನಿಯೊಬ್ಬಳ ಸಂಶೋಧನೆಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಂಬಾಕು ತಿನ್ನುವವರ ಬಾಯಿಗಳನ್ನು ಆರಿಸಿಕೊಂಡಿದ್ದೆವು. ಹಳ್ಳಿಯಲ್ಲಿ ಬರೀ ಫೋಟೋ ತೆಗೆದು, ಕಾಲೇಜಿನಲ್ಲಿ ಕುಳಿತು ನೋಡಿದರೆ ರೋಗ ಗುರುತಿಸಲು ಬರುತ್ತದೆಯೇ ಎಂಬುದು ಪ್ರಶ್ನೆ. ಆದ್ದರಿಂದ ಶಿಬಿರದಲ್ಲಿ ಯಾರೂ ಬಾಯಿಯ ಬಗ್ಗೆ ಏನೂ ಬರೆದುಕೊಳ್ಳುವಂತಿರಲಿಲ್ಲ. ಮೊದಲು ನಂಬರಿನ ಚೀಟಿಯ ಫೋಟೋ, ಆಮೇಲೆ ಆ ಮನುಷ್ಯನ ಬಾಯಿಯ ಫೋಟೋ; ಮತ್ತೆ ಚೀಟಿ, ಮತ್ತೆ ಬಾಯಿ. ಹದಿನಾಲ್ಕು ಕಲಮುಗಳ ನಿಯಮಾವಳಿಯನ್ನು ನಾನೇ ರಚಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ, ಶಾಸನ ಕೆತ್ತಿಸಿದವನಂತೆ ಬೀಗಿದ್ದೆ.

ಘತ್ತರಗಿಯಲ್ಲಿ ಶಿಬಿರ ಮಾಡಿದ್ದು ಅಮಾವಾಸ್ಯೆಯ ದಿನ. ಅಂದು ಭಾಗ್ಯವಂತಿಯ ಗುಡಿಗೆ ಮೂರೂ ತಾಲೂಕಿನ ಜನ ಬರುತ್ತಾರೆ. ನಾವು ಊರೂರು ತಿರುಗುವುದು ತಪ್ಪುತ್ತದೆ. ಮಧ್ಯಾಹ್ನ ವಿದ್ಯಾರ್ಥಿನಿಯನ್ನು ಪ್ರಸಾದಕ್ಕೆ ಕಳಿಸಿ ಕ್ಯಾಮೆರಾ ನಾನು ತೆಗೆದುಕೊಂಡೆ. ಅವಳು ಉಂಡು ಬಂದ ಮೇಲೂ ಕೊಡಲಿಲ್ಲ. ಪ್ರಾಧ್ಯಾಪಕರ ಕೈಗೆ ಬಂದ ವಸ್ತುವನ್ನು ಕೇಳಿ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ.

ಅಜ್ಜನ ಚೀಟಿಯೂ ಆ ಮಧ್ಯಾಹ್ನದ್ದೇ. ಅವಳನ್ನು ಕೋಣೆಗೆ ಕರೆಸಿಕೊಂಡು ಇಬ್ಬರೂ ಆ ಫೋಟೋಗಳನ್ನು ಒಂದೊಂದಾಗಿ ನೋಡಿದೆವು. ಕೊನೆಯ ಚೀಟಿಯ ನಂತರ ಬಾಯಿಯೇ ಇರಲಿಲ್ಲ. ‘ಫೋಟೋ ಬಂದಿಲ್ಲ’ ಎಂದು ಅವಳು ಬರೆದಿಟ್ಟಿದ್ದಳು.

“ಇದನ್ನ ನನಗ್ಯಾಕ ಕೇಳಲಿಲ್ಲವಾ?”

“ಫೋಟೋ ತೆಗೆದವ್ರು ನೀವು ಸರ್. ಹ್ಯಾಂಗ ಕೇಳೋದು ಅಂತ...”

ಆಗ ನನ್ನ ಕೈಗಳು ಏನು ಮಾಡಿದ್ದವೆಂಬುದು ನನಗೆ ನೆನಪಾಯಿತು. ನಾನು ಕಲಿತದ್ದು ಎಕ್ಸರೇ ಫಿಲ್ಮನ್ನು ನೀರಲ್ಲಿ ತೊಳೆಯುತ್ತಿದ್ದ ಕಾಲದಲ್ಲಿ. ಮೊದಲು ಚಿತ್ರ ತೆಗೆಯುವುದು, ಫಿಲ್ಮನ್ನು ಬಾಯಿಂದ ಹೊರಗೆ ತೆಗೆಯುವುದು, ಆಮೇಲೆ ಕವರಿನ ಮೇಲೆ ನಂಬರು ಬರೆಯುವುದು. ಮೂವತ್ತು ವರ್ಷದ ಅಭ್ಯಾಸ. ಆ ಮಧ್ಯಾಹ್ನವಿಡೀ ನಾನು ಬಾಯಿ ಮೊದಲು ತೆಗೆದು, ಚೀಟಿ ಆಮೇಲೆ ತೆಗೆದಿದ್ದೆ. ಅವಳು ನಿಯಮದಂತೆ ಚೀಟಿಯ ನಂತರದ ಬಾಯಿಯನ್ನು ಆ ಚೀಟಿಗೆ ಸೇರಿಸಿದ್ದಳು. ಹೀಗಾಗಿ ಪ್ರತಿಯೊಬ್ಬರಿಗೂ ಅವರ ಹಿಂದೆ ನಿಂತವರ ಬಾಯಿ ಬಂದಿತ್ತು.

ಮಚ್ಚೆಯ ಬಾಯಿ ಅಜ್ಜನ ಹಿಂದೆ ನಿಂತಿದ್ದವರದು. ರಿಜಿಸ್ಟರಿನಲ್ಲಿ ನೋಡಿದೆವು: ಹೆಂಗಸು, ಕೊಳಕೂರ, ಜೇವರ್ಗಿ ತಾಲೂಕು. ಆಕೆಗೆ ‘ನಿಮ್ಮ ಬಾಯಿ ಆರೋಗ್ಯವಾಗಿದೆ, ಚಿಂತೆ ಬೇಡ’ ಎಂಬ ಪತ್ರ ಹೋಗಿ ತಿಂಗಳಾಗಿತ್ತು. ಸಹಿ ನನ್ನದೇ. ಆಕೆ ಕೊಟ್ಟ ಫೋನ್ ನಂಬರು ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಜೀಪಿನಲ್ಲಿ ಕೊಳಕೂರಿಗೆ ಹೊರಟೆವು. ಆ ಫೋಟೋ ನನ್ನ ಕಣ್ಣ ಮುಂದಿತ್ತು. ಬಿಳುಪಿನ ಅಂಚಿನಲ್ಲಿ ಕೆಂಪು ಚುಕ್ಕೆಗಳಿದ್ದವು. ಬರೀ ಬಿಳುಪಿಗಿಂತ ಬಿಳುಪು-ಕೆಂಪು ಕೂಡಿದ್ದು ಕೆಟ್ಟದ್ದು ಎಂದು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಮೂರು ತಿಂಗಳಲ್ಲಿ ಏನೂ ಆಗದೆಯೂ ಇರಬಹುದು, ಎಲ್ಲವೂ ಆಗಿಬಿಡಬಹುದು ಎಂದೂ ಹೇಳುತ್ತೇನೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಅಂದು ಜೀಪಿನಲ್ಲಿ ಆ ವಾಕ್ಯದ ಎರಡನೆಯ ಅರ್ಧ ಮಾತ್ರ ನನಗೆ ಕೇಳುತ್ತಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ, ಆ ಕೆನ್ನೆಯನ್ನು ಸರಿಸಿ ಹಿಡಿದು ಫೋಟೋ ತೆಗೆದವನೇ ನಾನು. ಬೆಳಕು ಸರಿಯಿದೆಯೇ, ಚಿತ್ರ ಸ್ಫುಟವಾಗಿದೆಯೇ ಎಂದು ನೋಡಿದ್ದೆ, ಬಾಯಿ ನೋಡಿರಲಿಲ್ಲ.

ಆಕೆ ಮನೆಯ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಐವತ್ತರ ಆಸುಪಾಸು. ಎಡಗೆನ್ನೆ ಉಬ್ಬಿತ್ತು. ಆಕೆ ಪಕ್ಕಕ್ಕೆ ಉಗುಳಿದ ಮೇಲೆ ಉಬ್ಬು ಇಳಿಯಿತು, ತಂಬಾಕು.

“ಬರ್ರಿ ಸಾಹೇಬ್ರ, ಬರ್ರಿ. ಇಷ್ಟು ದೂರ ಯಾಕ ಬಂದ್ರಿ? ನಿಮ್ಮ ಕಾಗದ ಮುಟ್ಟೇದ್ರಿ.”

ಒಳಗಿನಿಂದ ಸೊಸೆ ಹೊರಬಂದಳು. “ಆ ಕಾಗದ ನೀವೇನ್ರಿ ಬರ್ದವ್ರು? ಛಲೋ ಮಾಡೀರಿ ನೋಡ್ರಿ. ತಂಬಾಕ ಬಿಡ್ರಿ ಅತ್ತಿ ಅಂದಾಗೊಮ್ಮೆ ಅದನ್ನೇ ತಂದು ಮಾರಿಮುಂದ ಹಿಡೀತಾರ. ದೊಡ್ಡ ಡಾಕ್ಟರ ಬರ್ದಾರ, ನಿಂದೇನು ಬೇ ಅಂತಾರ.”

ದಾರಿಯಲ್ಲಿ ತಯಾರು ಮಾಡಿಕೊಂಡಿದ್ದ ಗಂಭೀರವಾದ ಪೀಠಿಕೆ ಅಲ್ಲೇ ಸತ್ತಿತು.

“ತಾಯಿ, ಆ ಕಾಗದ ನಿಮ್ಮದಲ್ಲ. ನಿಮ್ಮ ಹಿಂದ ನಿಂತವ್ರ ಬಾಯಿ ನೋಡಿ ನಿಮಗ ಬರ್ದೀನಿ. ಗಲತಿ ನಂದು.”

“ಹಂಗಾದ್ರ ನನ್ನ ಬಾಯಿ ನೋಡಿ ಯಾರಿಗಿ ಬರ್ದ್ರಿ?”

“ಒಬ್ಬ ಅಜ್ಜಾರಿಗಿ. ಅವರಿಗಿ ಹಲ್ಲೇ ಇಲ್ಲ.”

ಸೊಸೆ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಮೊರವನ್ನು ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡು, ನನ್ನ ಮುಖವನ್ನೇ ನೋಡಿದರು.

“ಏನರೆ ಅದ ಏನ್ರಿ ನನ್ನ ಬಾಯಾಗ?”

“ಅದ. ಏನದ ಅಂಬೋದು ಗೊತ್ತಿಲ್ಲ. ನೋಡಬೇಕು.”

ಬಾಗಿಲ ಬೆಳಕಿಗೆ ಕೂರಿಸಿ ನೋಡಿದೆ. ಮಚ್ಚೆ ಅಲ್ಲೇ ಇತ್ತು, ಫೋಟೋದಲ್ಲಿದ್ದುದಕ್ಕಿಂತ ಕೊಂಚ ಅಗಲ. ಬೆರಳಿಟ್ಟು ಒತ್ತಿದೆ. ಮೆತ್ತಗಿದ್ದರೆ ಒಂದು ಕಥೆ, ಗಟ್ಟಿಯಿದ್ದರೆ ಇನ್ನೊಂದು, ಕೆಟ್ಟದ್ದು. ಒಂದು ಕಡೆ ಗಟ್ಟಿಯೆನಿಸಿತು. ತೆಗೆದು ಮತ್ತೆ ಒತ್ತಿದೆ, ಮೆತ್ತಗೆನಿಸಿತು. ವಿದ್ಯಾರ್ಥಿನಿಗೆ ನೋಡಲು ಹೇಳಿದೆ. “ನನಗ ಗೊತ್ತಾಗವಲ್ದು ಸರ್” ಅಂದಳು. ಅವಳು ನನ್ನ ಮುಂದೆ ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು.

ಅಂದೇ ಜೀಪಿನಲ್ಲಿ ಕರೆತಂದು ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ವರದಿಗೆ ಎಂಟು ದಿನ. ಆ ಎಂಟು ದಿನ ನಾವು ಆ ಮಧ್ಯಾಹ್ನದ ಬಾಯಿಗಳನ್ನೆಲ್ಲ ಒಂದೊಂದು ಚೀಟಿ ಹಿಂದಕ್ಕೆ ಸರಿಸಿ, ಅವರವರಿಗೆ ಸೇರಿಸಿ ಮತ್ತೆ ನೋಡಿದೆವು. ಬೇರೆ ಯಾರಿಗೂ ಏನೂ ಇರಲಿಲ್ಲ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಅನ್ನ ಅಗಿಯುವಾಗಲೆಲ್ಲ ನಾಲಗೆ ನನ್ನ ಎಡಗೆನ್ನೆಯನ್ನೇ ತಡವುತ್ತಿತ್ತು. ತಂಬಾಕು ಮುಟ್ಟದವನು ನಾನು; ಆದರೂ ಎರಡು ಸಲ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದೇನೆ.

ಒಂಬತ್ತನೆಯ ದಿನ ವರದಿ ಬಂತು. ಲಕೋಟೆಯನ್ನು ವಿದ್ಯಾರ್ಥಿನಿಯ ಕೈಗೇ ಕೊಟ್ಟು ಓದಲು ಹೇಳಿದೆ. ಕೋಶಗಳು ಕೆಡಲು ಶುರುವಾಗಿದ್ದವು. ಆದರೆ ಕೇಡು ಇನ್ನೂ ಒಳಕ್ಕೆ ಇಳಿದಿರಲಿಲ್ಲ, ಕ್ಯಾನ್ಸರ್ ಆಗಿರಲಿಲ್ಲ. ಅವಳು ಓದಿ ಮುಗಿಸಿ, ಮೊದಲಿಂದ ಇನ್ನೊಮ್ಮೆ ಓದಿದಳು. ನಾನು ಬೇಡವೆನ್ನಲಿಲ್ಲ.

ಶಸ್ತ್ರಚಿಕಿತ್ಸೆಯ ವಿಭಾಗದವರು ಮಚ್ಚೆಯನ್ನು ಪೂರ್ತಿ ತೆಗೆದರು. ಪ್ರಬಂಧದಲ್ಲಿ ವಿದ್ಯಾರ್ಥಿನಿ ಈ ಪ್ರಕರಣವನ್ನು ‘ಛಾಯಾಚಿತ್ರಗಳ ಜೋಡಣೆಯಲ್ಲಾದ ವ್ಯತ್ಯಾಸ’ ಎಂದು ಮರ್ಯಾದೆಯಿಂದ ಬರೆದಿದ್ದಳು. ಅದನ್ನು ಹೊಡೆದುಹಾಕಿ ‘ಮಾರ್ಗದರ್ಶಕರ ತಪ್ಪು’ ಎಂದು ತಿದ್ದಿದೆ.

ತೆಗೆದ ಮಚ್ಚೆ ಮತ್ತೆ ಬರುವುದುಂಟು. ಅದಕ್ಕೇ ಆಕೆ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ತಂಬಾಕು ಬಿಟ್ಟಿದ್ದಾರೆಂದು ಅವರೂ ಹೇಳುತ್ತಾರೆ, ಸೊಸೆಯೂ ಹೇಳುತ್ತಾಳೆ. ಸೊಸೆಯ ಮಾತನ್ನು ನಾನು ನಂಬುತ್ತೇನೆ. ಹೋದ ವಾರವೂ ಬಂದಿದ್ದರು. ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ಬಹಳ ಹೊತ್ತು ಕಾದರು. ನಾನು ಇನ್ನೂ ದೀಪವನ್ನು ಸರಿಮಾಡುತ್ತಲೇ ನಿಂತಿದ್ದೆ. ಕೊನೆಗೆ ಬಾಯಿ ಮುಚ್ಚಿ ಅವರೇ ಅಂದರು:

“ಅಂಜಬ್ಯಾಡ್ರಿ ಸಾಹೇಬ್ರ, ನೋಡ್ರಿ.”