ತಂಬಿಗೆಯ ತಳ

ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ಆಮೇಲೆ ಅವ್ವನಿಗೆ ಮನೆಯಲ್ಲಿ ಇನ್ನೆರಡು ಕೈ ಬೇಕಾದವು, ನಾನು ಹಿರಿಯವಳು, ಸಾಲೆ ಬಿಟ್ಟೆ. ಇದನ್ನು ದೂರೆಂದು ಬರೆಯುತ್ತಿಲ್ಲ. ನನ್ನ ಜೊತೆ ಬಿಟ್ಟವರು ನಮ್ಮೂರು ಯಳವಿಯಲ್ಲಿ ಬಹಳ ಮಂದಿ ಇದ್ದರು. ಹೇಳಬೇಕಾದದ್ದು ಬೇರೆಯೇ ಇದೆ, ನನ್ನ ತಂಗಿಗೆ ನಾನು ಮಾಡಿದ್ದು. ಹೇಳದೆ ಹೇಳದೆ ಸಾಕಾಗಿ ಹೋಗಿದೆ.

ತಂಗಿ ನನಗಿಂತ ಐದು ವರ್ಷ ಚಿಕ್ಕವಳು. ಅವಳು ಎಂಟನೆಯ ಇಯತ್ತೆಗೆ ಬರುವಷ್ಟರಲ್ಲಿ ನಾನು ಹೊಲಿಗೆ ಮಷಿನ್ ಮುಂದೆ ಕುಳಿತು ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೆ. ಆ ವರ್ಷ ಅವಳ ಸಾಲೆಯ ಚಿತ್ರಕಲೆಯ ಮಾಸ್ತರರು ತರಗತಿಯಲ್ಲಿ ಒಂದು ಮಾತು ಹೇಳಿದ್ದರು. ಚಿತ್ರಕಲೆಯ ಪರೀಕ್ಷೆಯಲ್ಲಿ ಒಳ್ಳೆಯ ಶ್ರೇಣಿ ತಂದವರಿಗೆ ಮುಂದೆ ಸಾಂಗಲಿಯಲ್ಲಿ ಕಲಿಯುವ ದಾರಿಯನ್ನು ನಾನೇ ತೋರಿಸುತ್ತೇನೆ, ಅದನ್ನು ಮುಗಿಸಿದರೆ ಚಿತ್ರಕಲೆಯ ಶಿಕ್ಷಕರಾಗಬಹುದು ಎಂದು. ತಂಗಿ ಅಂದು ಮನೆಗೆ ಬಂದವಳೇ ನನಗೆ ಅದೇ ಬೇಕು ಎಂದಳು. ನಮ್ಮ ಮನೆಯಲ್ಲಿ ಇಂಥದ್ದೇ ಬೇಕು ಎಂದು ಬಾಯಿಬಿಟ್ಟು ಕೇಳಿದವಳು ಅವಳೊಬ್ಬಳೇ.

ಮಾಸ್ತರರು ಕಲಿಸುತ್ತಿದ್ದ ರೀತಿಯನ್ನು ಅವಳು ಸಂಜೆ ನನಗೆ ಒಪ್ಪಿಸುತ್ತಿದ್ದಳು. ಆಕಾರ ಇರುವುದು ನಾಲ್ಕೇ: ಪೆಟ್ಟಿಗೆ, ಕೊಳವೆ, ಚೆಂಡು, ಶಂಕು. ಯಾವ ವಸ್ತುವನ್ನು ಕಂಡರೂ ಅದರೊಳಗೆ ಇವನ್ನು ಹುಡುಕಬೇಕು. ವಸ್ತು ಗಾಜಿನದೆಂದು ತಿಳಿದು ಹಿಂದಿನ ಗೆರೆಗಳನ್ನೂ ತೆಳುವಾಗಿ ಎಳೆಯಬೇಕು, ಕೊನೆಗೆ ಬೇಡವಾದದ್ದನ್ನು ಅಳಿಸಬೇಕು. ತಂಬಿಗೆಯೆಂದರೆ ಒಂದು ಚೆಂಡು, ಅದರ ಮೇಲೆ ಗಿಡ್ಡ ಕೊಳವೆ, ಮೇಲುಗಡೆ ಬೋರಲು ಹಾಕಿದ ಶಂಕುವಿನ ತುಂಡು. ನನ್ನ ಮಷಿನ್ ಕೂಡ ಹಾಗೆಯೇ: ಒಂದು ಚಪ್ಪಟೆ ಪೆಟ್ಟಿಗೆ, ನಿಂತ ಕೊಳವೆ, ಮಲಗಿದ ಕೊಳವೆ.

ನಾನು ಗುಂಡಿ ಹಚ್ಚುತ್ತ ಕೇಳುತ್ತಿದ್ದೆ. ಒಂದು ಸಲ ಕೇಳಿದ್ದಕ್ಕೇ ತಿಳಿಯಿತು. ಕುಪ್ಪಸದ ತೋಳು ಕತ್ತರಿಸುವವರೆಗೆ ಚಪ್ಪಟೆ ಅರಿವೆ, ಹೊಲಿದ ಮೇಲೆ ಕೊಳವೆ. ಇಷ್ಟು ದಿನ ಕೈಗೆ ಗೊತ್ತಿದ್ದುದನ್ನು ಸಾಲೆಯಲ್ಲಿ ಹೀಗೆ ಹೇಳಿಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ತಂಗಿಯ ಕೈ ನಿಧಾನ. ತಂಬಿಗೆಯ ಬಾಯಿಯನ್ನು ಮೊಟ್ಟೆಯ ಹಾಗೆ ಸರಿಯಾಗಿಯೇ ಬಾಗಿಸುತ್ತಿದ್ದಳು, ತಳ ಬಂದಾಗ ಮಾತ್ರ ಪಟ್ಟಿ ಹಿಡಿದಂತೆ ನೆಟ್ಟಗೆ ಗೆರೆ. ಬಾಯಿ ಬಾಗಿದ ಮೇಲೆ ತಳವೂ ಬಾಗಬೇಕಲ್ಲ ಎಂದರೆ ಅವಳದು ಒಂದೇ ಉತ್ತರ.

"ಅದು ನೆಲದ ಮ್ಯಾಲ ಕುಂತದಲ್ಲಕ್ಕಾ. ನೆಲ ಸಪಾಟ ಅದ."

ಅಳಿಸುತ್ತಿದ್ದಳು, ಮತ್ತೆ ನೆಟ್ಟಗೆ ಎಳೆಯುತ್ತಿದ್ದಳು. ಅಳಿಸಿ ಅಳಿಸಿ ಹಾಳೆ ಒಂದು ಕಡೆ ಹರಿದೇ ಹೋಯಿತು. ನನಗೆ ನೋಡಲಾಗಲಿಲ್ಲ.

"ತಾ ಇಲ್ಲಿ, ಹೊತ್ತಾಗತದ," ಎಂದು ಪೆನ್ಸಿಲ್ ಕಸಿದುಕೊಂಡೆ.

ಹೊತ್ತೇನೂ ಆಗಿರಲಿಲ್ಲ. ಅಡುಗೆಗೆ ಇನ್ನೂ ಒಲೆ ಹಚ್ಚಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ನಾನು ಅವಳ ವಹಿಯಲ್ಲಿ ಚಿತ್ರ ತೆಗೆಯುವುದು, ಅವಳು ನನ್ನ ಪಾಲಿನ ನೀರು ತುಂಬುವುದು, ಬೆಳ್ಳುಳ್ಳಿ ಸುಲಿಯುವುದು. ಬೀಸುವ ಕಲ್ಲು, ಸೈಕಲ್, ಕಂದೀಲು, ಓಣಿಯಲ್ಲಿ ಮಲಗಿದ ಟಗರು, ಎಲ್ಲ ತೆಗೆದೆ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅಕ್ಕ ಕುಳಿತು ತಂಗಿಗೆ ಕಲಿಸುತ್ತಾಳೆಂದು ಅವಳು ನೆರೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಮಾಸ್ತರರು ಕೆಂಪು ಶಾಯಿಯಲ್ಲಿ ಉತ್ತಮ ಎಂದು ಬರೆದು ಕಳಿಸುತ್ತಿದ್ದರು. ತಂಗಿ ಸಾಲೆಯಿಂದ ಬಂದು ಮುಖ ತೊಳೆಯಲು ಹೋದೊಡನೆ ನಾನು ಅವಳ ಚೀಲ ಬಿಚ್ಚಿ ಮೊದಲು ಅದನ್ನೇ ನೋಡುತ್ತಿದ್ದೆ.

ಒಂದು ಸಂಜೆ ಅವಳು ವಹಿಯನ್ನು ಎದೆಗೆ ಅವಚಿಕೊಂಡು, ಇವತ್ತು ನಾನೇ ತೆಗೆಯುತ್ತೇನೆ, ನೀನು ಬರೇ ಕುಂತು ನೋಡು ಎಂದಳು. ಒಪ್ಪಿದೆ. ಐದಾರು ಗೆರೆ ಎಳೆದಿರಬೇಕು, ನನ್ನ ಕೈ ತಾನಾಗಿಯೇ ಹೋಗಿ ಪೆನ್ಸಿಲ್ ಹಿಡಿಯಿತು.

"ನಾಳಿಂದ ಸಾಲಿಗೆ ದಪ್ತರಾನೂ ನೀನ ಹೊತ್ಕೊಂಡು ಹೋಗು," ಎಂದು ನಕ್ಕಳು. ನಾನೂ ನಕ್ಕೆ. ಬೆಳ್ಳುಳ್ಳಿ ಸುಲಿಯಲು ಎದ್ದು ಹೋದಳು.

ಪರೀಕ್ಷೆಯಲ್ಲಿ ಮೇಜಿನ ಮೇಲೆ ಒಂದು ಪೆಟ್ಟಿಗೆ, ಒಂದು ಬಕೀಟು, ಒಂದು ತಂಬಿಗೆ ಇಟ್ಟಿದ್ದರಂತೆ. ಪೆಟ್ಟಿಗೆಯ ಚಿತ್ರ ತೆಗೆದೆ, ಮುಂದೆ ಕೈ ಓಡಲಿಲ್ಲ ಎಂದು ಬಂದು ಹೇಳಿದಳು. ಅತ್ತಳೇ ಎಂದರೆ, ಅಳಲೂ ಇಲ್ಲ. ನಾಪಾಸಾದಳು.

ಮಾಸ್ತರರಿಗೆ ನಂಬಲಾಗಲಿಲ್ಲ. ಒಂದು ರವಿವಾರ ಬೇರೆ ಕೆಲಸಕ್ಕೆ ಊರಿಗೆ ಬಂದವರು ನಮ್ಮ ಮನೆಗೂ ಬಂದರು. ಕಟ್ಟೆಯ ಮೇಲೆ ಕುಳಿತು ತಂಗಿಯ ವಹಿಯನ್ನು ತರಿಸಿಕೊಂಡು ಹಾಳೆ ಹಾಳೆ ತಿರುವಿದರು. ಟಗರಿನ ಚಿತ್ರದ ಹತ್ತಿರ ನಿಂತು ತಲೆಯೆತ್ತಿದರು.

"ಖರೇ ಹೇಳ್ರಿ. ಇವನ್ನ ಯಾರು ತಗದಾರ?"

ಅವ್ವ ಒಳಗೆ ಚಹಾ ಮಾಡುತ್ತಿದ್ದಳು. ತಂಗಿ ಬಾಗಿಲಲ್ಲಿ ನಿಂತಿದ್ದಳು. ನಾನು ಮಷಿನ್ ಮುಂದೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

"ಅಕೀನ ತಗದಾಳ್ರಿ ಸರ್," ಎಂದೆ.

ತಂಗಿ ನನ್ನನ್ನು ನೋಡಿದಳು. ಹಾಗಾದರೆ ಹುಡುಗಿ ಪರೀಕ್ಷೆಗೆ ಬೇಕಂತಲೇ ಮನಸ್ಸು ಕೊಟ್ಟಿಲ್ಲ, ಇಂಥವರ ಬೆನ್ನು ಹತ್ತಿ ನಾನೇನು ಮಾಡಲಿ ಎಂದು ಮಾಸ್ತರರು ವಹಿ ಮುಚ್ಚಿದರು. ಚಹಾ ಕುಡಿದು ಹೋದರು. ಅಕ್ಕ ದಿನಾ ಕುಂತು ಕಲಿಸಿದರೂ ನಿನ್ನ ತಲೆಗೆ ಹತ್ತಲಿಲ್ಲ ಎಂದು ಅವ್ವ ಅವಳನ್ನು ಎಷ್ಟೋ ದಿನ ಬೈದಳು. ಆಗಲೂ ನಾನು ಬಾಯಿ ತೆರೆಯಲಿಲ್ಲ.

ತಂಗಿ ಮೋಸ ಮಾಡಿದಳೆಂದು ಆಗಬಾರದು, ಅದಕ್ಕೇ ಸುಳ್ಳು ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನಿಜ ಹೇಳಿದ್ದರೆ ಮಾಸ್ತರರು ಸಿಟ್ಟಾಗುತ್ತಿದ್ದರು, ಆಮೇಲೆ ಅವಳಿಗೆ ಮೊದಲಿನಿಂದ ಕಲಿಸುತ್ತಿದ್ದರು. ಮತ್ತೊಂದು ಸಲ ಪರೀಕ್ಷೆಗೆ ಕೂರಲು ಅವಳಿಗೆ ಇನ್ನೂ ವರ್ಷ ಇತ್ತು. ಆದರೆ ಆ ವಹಿ ನನ್ನ ಕೈಗೆ ಬರುವುದು ನಿಲ್ಲುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೆ. ಹಾಗಿದ್ದೂ ಅದು ನಿಂತೇ ಹೋಯಿತು. ಅಂದಿನಿಂದ ತಂಗಿ ಪೆನ್ಸಿಲ್‌ನಿಂದ ಬರೆದದ್ದುಂಟು, ಚಿತ್ರ ತೆಗೆದದ್ದಿಲ್ಲ.

ಅವಳನ್ನು ಕರಜಗಿಗೆ ಕೊಟ್ಟಿದ್ದೇವೆ. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ, ಮಕ್ಕಳಿಗೆ ಖಿಚಡಿ ಮಾಡುತ್ತಾಳೆ. ಹೋದ ತಿಂಗಳು ಫೋನ್ ಮಾಡಿ ಕರೆದಳು. ಗೋಡೆಗೆ ಹೊಸದಾಗಿ ಸುಣ್ಣ ಹಚ್ಚಿದ್ದರು, ಮಕ್ಕಳಿಗೆ ಗುರುತಿಸಲು ಮನೆಯ ಸಾಮಾನಿನ ಚಿತ್ರ ಬೇಕಾಗಿತ್ತು. ಬೆನ್ನುನೋವು ಕಟ್ಟಿಕೊಂಡೇ ಬಸ್ಸು ಹತ್ತಿದೆ. ಅವಳು ನೀಲಿ ಸೀಮೆಸುಣ್ಣದ ಖಡು ತಂದು ನನ್ನ ಕೈಗಿಟ್ಟಳು. ನಾನು ಅದನ್ನು ಅವಳ ಮುಂದೆಯೇ ಹಿಡಿದೆ, ನೀನೇ ತೆಗೆ ಎಂದೆ.

"ನನಗ ಬರೂದಿಲ್ಲಂತ ನಿನಗ ಗೊತ್ತದಲ್ಲ."

"ಬರ್ತಿತ್ತು. ನಾ ಬಿಡಲಿಲ್ಲ. ಸರ್ ಮುಂದ ಸುಳ್ಳು ಹೇಳಿದೆ."

ಅವಳು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ. ಎರಡು ಹರಳು ತೆಗೆದು ಪಕ್ಕಕ್ಕೆ ಹಾಕಿದ ಮೇಲೆ ಮಾತಾಡಿದಳು.

"ಸರ್ ಹ್ವಾದ ಮ್ಯಾಲ ಇಷ್ಟನ್ನ ನನಗ ಒಬ್ಬಾಕಿಗೆ ಹೇಳಿದ್ರೂ ಆಗ್ತಿತ್ತಕ್ಕಾ."

ಮತ್ತೆ, ಮಕ್ಕಳು ಹಸಿದಾರ, ನೀ ಶುರು ಮಾಡು ಎಂದು ಒಲೆಯ ಕಡೆ ಹೋದಳು.

ಗೋಡೆಯ ಮೇಲೆ ಚೆಂಡು ತೆಗೆದೆ, ಅದರ ಮೇಲೆ ಗಿಡ್ಡ ಕೊಳವೆ, ಮೇಲೆ ಬಾಯಿ. ತಳವನ್ನು ಬಾಗಿಸಿದೆ. ತಂಗಿ ಒಗ್ಗರಣೆ ಮುಗಿಸಿ ಕೈ ಒರೆಸುತ್ತ ಬಂದು ಸ್ವಲ್ಪ ಹೊತ್ತು ನೋಡಿದಳು. ಸೆರಗಿನ ತುದಿಯಿಂದ ತಂಬಿಗೆಯ ತಳವನ್ನು ಒರೆಸಿದಳು. ನನ್ನ ಕೈಯಿಂದ ಖಡು ತೆಗೆದುಕೊಂಡು ಅಲ್ಲಿ ಒಂದು ಗೆರೆ ಎಳೆದಳು, ಪಟ್ಟಿ ಹಿಡಿದಂತೆ ನೆಟ್ಟಗೆ. ಖಡುವನ್ನು ಮರಳಿ ನನಗೆ ಕೊಡಲಿಲ್ಲ.

ನಾನು ಬಣ್ಣದ ಡಬ್ಬಿಯಲ್ಲಿ ಬ್ರಷ್ ಅದ್ದಿದೆ. ಅವಳ ಗೆರೆಯವರೆಗೆ ತುಂಬಿದೆ.