ಆಟಗಾರನನ್ನು ನೋಡುವ ಶಾಸ್ತ್ರ

ಕುವೈತಿನಲ್ಲಿ ನಮ್ಮೂರ ದೊಡ್ಡ ಮನುಷ್ಯರು ಒಬ್ಬ ಆಟಗಾರನನ್ನು ಹೇಗೆ ಅಳೆಯುತ್ತಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡವಳು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹಳೆಯ ಮಾತು ಬಿಟ್ಟುಬಿಡು ಎಂದು ನನ್ನ ಗಂಡ ಹೇಳುತ್ತಲೇ ಇರುತ್ತಾರೆ. ಬಿಡುವುದಕ್ಕೆ ಅದೇನು ಹಳೇ ಚಪ್ಪಲಿಯೇ?

ಅದು ತೊಂಬತ್ತನೇ ಇಸವಿ, ಬೇಸಗೆ ಇನ್ನೂ ಪೂರ್ತಿ ಬಿದ್ದಿರಲಿಲ್ಲ. ನನ್ನ ಗಂಡ ಕುವೈತ್ ಸಿಟಿಯ ಮಿರ್ಕಾಬಿನಲ್ಲಿದ್ದ ಒಂದು ಕಾಂಟ್ರಾಕ್ಟ್ ಕಂಪೆನಿಯಲ್ಲಿ ಅಕೌಂಟೆಂಟ್. ಅದರ ಯಜಮಾನರು ಉಡುಪಿ ಕಡೆಯವರು. ನಾವೆಲ್ಲ ಅವರನ್ನು ದಣಿ ಎಂದೇ ಕರೆಯುತ್ತಿದ್ದುದು. ದಣಿಗೆ ಬಾಸ್ಕೆಟ್‌ಬಾಲ್ ಟೀಮಿನ ಹುಚ್ಚು. ಅವರೊಬ್ಬರಿಗೇ ಅಲ್ಲ, ಕರಾವಳಿಯವರ ಇನ್ನು ಕೆಲವು ಕಂಪೆನಿಗಳಿಗೂ ಆ ಹುಚ್ಚು ಹತ್ತಿತ್ತು. ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮೊದಲು ಹೊಸ ಆಟಗಾರರನ್ನು ಊರಿನಿಂದ ವಿಸಿಟ್ ವೀಸಾದಲ್ಲಿ ಕರೆಸುತ್ತಿದ್ದರು. ಕಳೆದ ವರ್ಷ ಎಲ್ಲರಿಗಿಂತ ಕೆಳಗಿದ್ದ ಟೀಮಿಗೆ ಮೊದಲ ಆಯ್ಕೆ, ಆಮೇಲೆ ಉಳಿದವರು ಸರದಿಯ ಪ್ರಕಾರ. ಆರಿಸಿಕೊಂಡವನಿಗೆ ಆ ಕಂಪೆನಿಯ ಕಫೀಲ್, ಅಂದರೆ ಅದಕ್ಕೆ ಹೆಸರು ಕೊಟ್ಟ ಅರಬ ಜವಾಬ್ದಾರ, ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಿಕೊಡುತ್ತಿದ್ದ. ಕಾಗದದ ಮೇಲೆ ಸ್ಟೋರ್‌ಕೀಪರ್, ನಿಜವಾಗಿ ಅವನ ಕಸುಬು ಚೆಂಡು. ಸಂಬಳ ಬರುವುದೇ ಆಟಕ್ಕೆ. ಆ ವರ್ಷ ನಮ್ಮ ಟೀಮು ತಳದಲ್ಲಿತ್ತು, ಹಾಗಾಗಿ ಮೊದಲ ಆಯ್ಕೆ ದಣಿಯದ್ದು.

ನನಗೆ ಈ ಆಟ ಗೊತ್ತು. ಮದುವೆಗೆ ಮುಂಚೆ ಯೂನಿವರ್ಸಿಟಿ ಟೀಮಿನಲ್ಲಿ ಚೆಂಡು ಸಾಗಿಸಿ ಆಟ ನಡೆಸುವ ಗಾರ್ಡ್ ಆಗಿದ್ದೆ. ನನ್ನನ್ನು ನೋಡಲು ಬಂದ ದಿನ ನನ್ನ ಅತ್ತೆ, "ಓಡಿ ಓಡಿ ಕಾಲು ಗಂಡಸರದ್ದರ ಹಾಗೆ ಆಗ್ಲಿಲ್ಲ ತಾನೇ?" ಎಂದು ಎಲ್ಲರೆದುರು ಕೇಳಿದ್ದರು. ಅಲ್ಲಿಗೆ ನನ್ನ ಆಟ ಮುಗಿಯಿತು. ಗಂಡ ಟೀಮಿನ ಮ್ಯಾನೇಜರ್ ಆಗಿದ್ದರಿಂದ ಕೋರ್ಟಿನ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಭಾಗ್ಯವೊಂದು ಉಳಿದಿತ್ತು.

ಮಂಗಳೂರಿನಿಂದ ಬಂದ ಹುಡುಗ ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರವನು, ಕಾಲೇಜು ಆಗತಾನೇ ಮುಗಿಸಿದ್ದ. ಬಂದ ಮರುದಿನ ನನ್ನ ಗಂಡ ಅವನನ್ನು ರಿಗ್ಗೈಯ ನಮ್ಮ ಮನೆಗೆ ಊಟಕ್ಕೆ ಕರೆತಂದರು. ರಂಜಾನ್ ತಿಂಗಳು ಇನ್ನೂ ಹಿಡಿದಿರಲಿಲ್ಲ. ನೀರುದೋಸೆ, ಕೋಳಿಸಾರು ಮಾಡಿದ್ದೆ. ತಿನ್ನುತ್ತಾ ತಿನ್ನುತ್ತಾ ಅವನ ನಾಚಿಕೆ ಹೋಯಿತು.

"ಅಪ್ಪನಿಗೆ ಬಂದರಿನಲ್ಲಿ ಗೋಣಿಚೀಲದ ಅಂಗಡಿ ಉಂಟು ಅಕ್ಕಾ. ನಾನು ಅಲ್ಲಿ ಕೂತ್ಕೊಳ್ಬೇಕು ಅಂತ ಅವರ ಆಸೆ. ಒಂದು ಸಲ ಬಿಡಿ, ಆಡಿ ಬರ್ತೇನೆ, ಆಗ್ಲಿಲ್ಲ ಅಂದ್ರೆ ಮತ್ತೆ ಚೆಂಡು ಮುಟ್ಟೂದಿಲ್ಲ, ಅಂಗಡಿಗೆ ಬಂದು ಕೂತ್ಕೊಳ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ."

"ಅಂಥ ಮಾತು ಯಾಕೆ ಕೊಟ್ಟದ್ದು ಮಾರಾಯ?" ಎಂದೆ.

"ಇಲ್ಲದಿದ್ರೆ ಬಿಡ್ತಿರ್ಲಿಲ್ಲ ಅಕ್ಕಾ," ಎಂದು ನಕ್ಕ.

ಅವನನ್ನು ಆಡಿಸಿ ನೋಡುವ ಪರೀಕ್ಷೆ ಆ ವಾರವೇ ಆಗಬೇಕಿತ್ತು. ದಣಿ ಮುಂದಕ್ಕೆ ಹಾಕಿದರು. ರಂಜಾನಿನಲ್ಲಿ ಆಫೀಸು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಆಮೇಲೆ ಎಲ್ಲರಿಗೂ ಪುರುಸೊತ್ತು, ಮೂರು ದಿನ ಆರಾಮವಾಗಿ ಕೂತು ನೋಡಬಹುದು ಎಂಬುದು ಅವರ ಲೆಕ್ಕ. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ಮೊದಲ ದಿನ ಆದದ್ದನ್ನು ಆಟದ ಪರೀಕ್ಷೆ ಎನ್ನಲು ನನಗೆ ಮನಸ್ಸಿಲ್ಲ. ಅದು ಅಪ್ಪಟ ಹೆಣ್ಣು ನೋಡುವ ಶಾಸ್ತ್ರ. ರಿಗ್ಗೈಯ ಒಂದು ಶಾಲೆಯ ಸಿಮೆಂಟು ಕೋರ್ಟಿನಲ್ಲಿ ದಣಿ ಮತ್ತು ಕೋಚ್ ಮಾಸ್ಟ್ರು ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮಾಸ್ಟ್ರು ಊರಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸುತ್ತಿದ್ದವರು. ಸೀಟಿ ಊದುವುದು ಬಿಟ್ಟರೆ ಬೇರೆ ಏನು ಕಲಿಸಿದರೋ ನನಗಂತೂ ಕಾಣಲಿಲ್ಲ. ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿದರು. ಕೈ ಚಾಚಿಸಿದರು. ಅಂಗೈ ತಿರುಗಿಸಿ ಬೆರಳಿನ ಉದ್ದ ನೋಡಿದರು. ಅಪ್ಪ ಎಷ್ಟು ಎತ್ತರ, ಅಮ್ಮ ಎಷ್ಟು ಎತ್ತರ, ಅಜ್ಜನಿಗೆ ಮಂಡಿನೋವು ಇತ್ತೋ ಎಂದು ವಿಚಾರಿಸಿದರು. ಹಲ್ಲು ಎಣಿಸುವುದೊಂದು ಬಾಕಿ. ಹುಡುಗ ತಲೆ ತಗ್ಗಿಸಿ ಎಲ್ಲದಕ್ಕೂ ಉತ್ತರ ಕೊಟ್ಟ. ನಾನೂ ಒಮ್ಮೆ ಹಾಗೆಯೇ ನಿಂತು ಉತ್ತರ ಕೊಟ್ಟವಳೇ.

ಆಮೇಲೆ ಆಡಿಸಿದರು. ಅಬ್ಬಾ, ಮೊದಲ ಹತ್ತು ನಿಮಿಷ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ! ಅವನು ಚೆಂಡು ಹಿಡಿಯುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಗೊತ್ತು ಮಾಡಿಕೊಂಡಿರುತ್ತಿದ್ದ. ಎದುರಾಳಿಯ ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದ. ಮುಖ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ಎತ್ತರ ಮಧ್ಯಮವೇ. ಆದರೆ ಉಳಿದ ನಾಲ್ವರನ್ನೂ ಇದ್ದುದಕ್ಕಿಂತ ಒಳ್ಳೆಯ ಆಟಗಾರರನ್ನಾಗಿ ಮಾಡುವ ಗಾರ್ಡ್ ಅವನು. ಅಂಥವನು ಸಿಗುವುದು ಅಪರೂಪ. ಹಾಗೆಂದು ನನ್ನ ಗಂಡನ ಕಿವಿಯಲ್ಲಿ ಹೇಳಿದೆ ಕೂಡ.

ಆದರೆ ಹೊತ್ತು ಹೋದಂತೆ ಅವನ ಕಾಲು ಭಾರವಾಯಿತು. ಗೆರೆ ಮುಟ್ಟಿ ವಾಪಸು ಓಡುವ ಓಟದಲ್ಲಿ ಹಿಂದೆ ಬಿದ್ದ. ಫ್ರೀ ಥ್ರೋ ರಿಂಗಿಗೂ ತಾಗದೆ ಕೆಳಗೆ ಬಿತ್ತು. ಅವನ ಜೊತೆ ಪರೀಕ್ಷೆಗೆ ಬಂದಿದ್ದ ಇನ್ನೊಬ್ಬ, ತೆಂಗಿನ ಮರದಷ್ಟು ಉದ್ದದವನು, ನಡುನಡುವೆ ಸ್ಟೋರ್ ರೂಮಿಗೆ ಹೋಗಿ ಬರುತ್ತಿದ್ದ. ಆ ತಿಂಗಳು ಹಗಲು ಹೊರಗೆ ನೀರು ಕುಡಿದರೆ ಪೊಲೀಸರು ಹಿಡಿಯುತ್ತಾರೆಂದು ನೀರಿನ ಜಗ್ಗನ್ನು ಅಲ್ಲಿ ಬಾಗಿಲ ಹಿಂದೆ ಬಚ್ಚಿಟ್ಟಿದ್ದರು. ಮಾಸ್ಟ್ರು ಹೋದರು, ದಣಿ ಹೋದರು, ಬಾಯಿ ಒರೆಸಿಕೊಳ್ಳುತ್ತಾ ಬಂದರು.

ಎರಡನೇ ದಿನ ಮಾಸ್ಟ್ರು ಈ ಹುಡುಗನಿಗೂ, "ಹೋಗಿ ನೀರು ಕುಡಿದು ಬಾ" ಎಂದರು. ಅವನು "ಬೇಡ ಸರ್" ಎಂದ. ಮಾಸ್ಟ್ರು ದಣಿಯ ಕಡೆ ತಿರುಗಿ, "ದಿಮಾಕು ನೋಡಿದ್ರಾ? ನಾನು ಹೇಳಿದ್ದನ್ನೇ ಕೇಳೂದಿಲ್ಲ," ಎಂದರು. ಹುಡುಗ ಮೂಲೆಯ ನಲ್ಲಿಗೆ ಹೋಗಿ ಮುಖ ತೊಳೆದ, ಕುತ್ತಿಗೆಗೆ ನೀರು ಹಚ್ಚಿಕೊಂಡ, ಬಾಯಿಗೆ ಹಾಕಿ ಮುಕ್ಕಳಿಸಿ ಪೂರ್ತಿ ಉಗಿದ. ಆಗ ನನಗೆ ತಟ್ಟನೆ ಹೊಳೆಯಿತು.

ಎದ್ದು ಅವನ ಹತ್ತಿರ ಹೋದೆ. "ಉಪವಾಸ ಹಿಡಿದಿದ್ದೀಯಾ ನೀನು?"

"ಹೌದು ಅಕ್ಕಾ, ನೋಂಬು ಉಂಟಲ್ಲ."

"ಹೇಳ್ಬಾರ್ದಾ ಅವರಿಗೆ?"

"ಹೇಳಿದ್ರೆ ನೆಪ ಹೇಳ್ತಾನೆ ಅಂತ ತಿಳ್ಕೊಳ್ಳಿಕ್ಕಿಲ್ವಾ? ಬೇಡ ಅಕ್ಕಾ. ಓಡ್ತೇನೆ."

ಇದರಲ್ಲಿ ಗುಟ್ಟು ಏನಿತ್ತು ಹೇಳಿ! ಅವನ ಹೆಸರು ಅವರಿಗೆ ಗೊತ್ತು, ಮನೆ ಗೊತ್ತು, ಅಜ್ಜನ ಮಂಡಿ ಸಹ ಗೊತ್ತು. ಇಡೀ ಕುವೈತ್ ಉಪವಾಸ ಇದ್ದುದರಿಂದಲೇ ಇವರಿಗೆ ಮಧ್ಯಾಹ್ನ ರಜೆ. ಉಪವಾಸ ಇರುವವರಿಗೆ ಹೆದರಿಯೇ ಜಗ್ಗು ಬಾಗಿಲ ಹಿಂದೆ. ಆದರೂ ಎದುರಲ್ಲಿ ಬೆವರು ಸುರಿಸುತ್ತಿರುವ ಹುಡುಗ ಉಪವಾಸ ಇರಬಹುದೆಂದು ಒಬ್ಬರಿಗೂ ಅನಿಸಲಿಲ್ಲ. ಇವರ ತಲೆಯಲ್ಲಿ ಉಪವಾಸ ಎಂದರೆ ಅರಬರದ್ದು. ಇವನು ತುಳು ಮಾತಾಡುವ ಊರಿನ ಹುಡುಗ, ಇವನಿಗೆಂಥ ಉಪವಾಸ? ಪರದೇಶಕ್ಕೆ ಬಂದು ಪಕ್ಕದ ಮನೆಯವನನ್ನು ಮರೆಯುವುದೆಂದರೆ ಇದೇ.

ಗಂಡನಿಗೆ ಹೇಳಿದೆ. ಅವರ ಮುಖ ಬಾಡಿತು. "ಛೆ, ಹೌದಲ್ಲ ಮಾರಾಯ್ತಿ," ಎಂದರು. ಆದರೆ ದಣಿಯ ಹತ್ತಿರ ಮಾತಾಡಲು ಅವರ ಕಾಲು ಏಳಲಿಲ್ಲ. ಸಂಬಳ ಕೊಡುವವರು ಹೇಳಿದ್ದಕ್ಕೆಲ್ಲ ನನ್ನ ಗಂಡ ಯಾವಾಗಲೂ ಹೂಂ ಎನ್ನುವವರೇ. ಕೊನೆಗೆ ನಾನೇ ಹೋದೆ.

"ದಣಿ, ಆ ಹುಡುಗ ಉಪವಾಸ ಇದ್ದಾನೆ. ಬೆಳಗಿನ ಜಾವದಿಂದ ಒಂದು ಹನಿ ನೀರಿಲ್ಲ. ನೀವು ನೋಡ್ತಾ ಇರೂದು ಅವನ ಆಟ ಅಲ್ಲ, ಅವನ ಬಾಯಾರಿಕೆ. ರಾತ್ರಿ ಊಟ ಆದ ಮೇಲೆ ಒಂದು ಸಲ ಆಡಿಸಿ ನೋಡಿ. ಇಲ್ಲಿಯವರ ಕ್ಲಬ್ಬಿನವರು ಎಲ್ಲ ಈ ತಿಂಗಳು ರಾತ್ರಿಯೇ ಅಲ್ವಾ ಆಡೂದು?"

ದಣಿ ಗಲಿಬಿಲಿಗೊಂಡದ್ದು ಒಂದೇ ಗಳಿಗೆ. "ಹಾಗಾದ್ರೆ ಅವನೇ ಹೇಳ್ಬೇಕಿತ್ತು. ಬಾಯಿ ಇಲ್ವಾ ಅವನಿಗೆ?"

"ಕೇಳ್ಬೇಕಾದ್ದು ನೀವಲ್ವಾ?"

"ನೋಡಿ ಅಮ್ಮಾ," ಎಂದು ಮಾಸ್ಟ್ರು ನಡುವೆ ಬಾಯಿ ಹಾಕಿದರು, "ಆಟಗಾರ ಅಂದ್ರೆ ಎಂಥ ಕಷ್ಟದಲ್ಲೂ ಆಡ್ಬೇಕು. ದಮ್ಮು ಅಂದ್ರೆ ಅದೇ."

ಆಗಷ್ಟೇ ಬಾಗಿಲ ಹಿಂದಿನಿಂದ ಬಂದಿದ್ದ ಅವರ ಮೀಸೆಯ ಮೇಲೆ ಇನ್ನೂ ನೀರಿತ್ತು. ಆ ಮೀಸೆ ಹಿಡಿದು ಎಳೆಯಬೇಕು ಅನ್ನಿಸಿದ್ದು ಸುಳ್ಳಲ್ಲ.

ರಾತ್ರಿ ಆಗುವುದಿಲ್ಲ, ಎಂದರು ದಣಿ. ರಾತ್ರಿ ಅವರು ಕಫೀಲನ ದಿವಾನಿಯಾಕ್ಕೆ ಹೋಗಬೇಕು. ಅದು ಅರಬರ ಮನೆಗಳಲ್ಲಿ ಗಂಡಸರು ಸೇರಿ ಕೂರುವ ಕೋಣೆ. ಆ ರಾತ್ರಿಯೂ ಹೋದರು, ಹಣ್ಣಿನ ಬುಟ್ಟಿ, ಸಿಹಿಯ ಪೆಟ್ಟಿಗೆ ಹೊರಿಸಿಕೊಂಡು. ನನ್ನ ಗಂಡನೂ ಜೊತೆಗೆ. ಮನೆಗೆ ಬಂದವರು ಹೇಳಿದರು: ದಣಿ ಕಫೀಲನ ಕೈ ಹಿಡಿದು, ಈ ಬಿಸಿಲಿನಲ್ಲಿ ಒಂದು ತೊಟ್ಟು ನೀರಿಲ್ಲದೆ ಹೇಗೆ ಇರುತ್ತೀರಿ, ಮಾಶಾ ಅಲ್ಲಾಹ್, ನಿಮ್ಮ ಶಕ್ತಿ ದೊಡ್ಡದು ಎಂದು ಕೊಂಡಾಡಿದರಂತೆ. ಆ ಕಫೀಲನೋ, ಹಗಲಿಡೀ ಏಸಿ ಹಾಕಿ ಮಲಗುವವನು. ನನಗೆ ನಗಬೇಕೋ ಪಾತ್ರೆ ಎಸೆಯಬೇಕೋ ತಿಳಿಯಲಿಲ್ಲ. ಪಾತ್ರೆಯನ್ನೇ ಎಸೆದೆ. ಅಲ್ಯೂಮಿನಿಯಂ ಆದ್ದರಿಂದ ತಗ್ಗಾಯಿತು, ಅಷ್ಟೆ.

ಮೂರನೇ ದಿನ ಧೂಳಿನ ಗಾಳಿ. ಹುಡುಗ ಆ ಗಾಳಿಯಲ್ಲೂ ಓಡಿದ. ತುಟಿ ಬಿಳಿಚಿಕೊಂಡಿತ್ತು. ಕೊನೆಯ ಆಟದಲ್ಲಿ ಒಂದು ಪಾಸ್ ಕೊಟ್ಟ ನೋಡಿ, ಹಿಂದೆ ಯಾರಿದ್ದಾರೆಂದು ತಿರುಗದೆಯೇ, ನೆಲಕ್ಕೆ ಒಮ್ಮೆ ಪುಟಿಸಿ! ಚೆಂಡು ನೇರ ಉದ್ದದವನ ಕೈಗೆ ಹೋಯಿತು, ಅವನು ಬುಟ್ಟಿಗೆ ಹಾಕಿದ. ಮಾಸ್ಟ್ರು ಉದ್ದದವನಿಗೆ ಚಪ್ಪಾಳೆ ತಟ್ಟಿದರು.

ಆಯ್ಕೆಯಾದದ್ದೂ ಆ ಉದ್ದದವನೇ. ಉಳಿದ ಟೀಮಿನವರಿಗೆ ಈ ಹುಡುಗನ ಮೇಲೆ ಕಣ್ಣಿತ್ತು. ಆದರೆ ಇವನಿಗೆ ದಮ್ಮಿಲ್ಲ, ಮೇಲಿಂದ ದಿಮಾಕು ಎಂಬ ಮಾತನ್ನು ಮಾಸ್ಟ್ರು ಊರೆಲ್ಲ ಹಂಚಿಯಾಗಿತ್ತು. ಒಬ್ಬರೂ ತೆಗೆದುಕೊಳ್ಳಲಿಲ್ಲ. ಮೊದಲ ಆಯ್ಕೆಯವರು ಬೇಡವೆಂದ ಹುಡುಗ ಎಂದರೆ ಏನೋ ಐಬು ಇರಲೇಬೇಕಲ್ಲ; ಸಂಬಂಧ ತಪ್ಪಿದ ಹೆಣ್ಣಿನ ಬಗ್ಗೆ ಹೇಳುವುದೂ ಇದನ್ನೇ. ವೀಸಾ ಮುಗಿಯುವ ಮೊದಲು ಅವನು ಊರಿಗೆ ಹೊರಟ. ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟು ಬಂದೆವು. ಇಳಿಯುವಾಗ, "ನಿಮಗೆ ತುಂಬ ಉಪದ್ರ ಆಯ್ತು ಅಕ್ಕಾ," ಎಂದ. ಉಪದ್ರವಂತೆ, ನನಗೆ!

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಎಲ್ಲರ ಹಾಗೆ ನಾವೂ ಮನೆ ಬಿಟ್ಟು, ಬಸ್ಸು ಹತ್ತಿ, ಮರುಭೂಮಿಯ ಡೇರೆಯಲ್ಲಿ ಬಿದ್ದುಕೊಂಡು, ಜೋರ್ಡಾನಿನಿಂದ ವಿಮಾನ ಹಿಡಿದು ಮುಂಬೈ ಮುಟ್ಟಿದೆವು. ಆ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಹೇಳುವುದಿಲ್ಲ.

ಮಂಗಳೂರಿನಲ್ಲಿದ್ದ ತಿಂಗಳುಗಳಲ್ಲಿ ಒಂದು ದಿನ ಬಂದರಿಗೆ ಹೋಗಿ ಅವನ ಅಂಗಡಿ ಹುಡುಕಿದೆ. ಗೋಣಿಯ ಕಟ್ಟುಗಳ ನಡುವೆ ಕೂತಿದ್ದ. ಮೈ ತುಂಬಿಕೊಂಡಿತ್ತು. ನನ್ನನ್ನು ಕಂಡು ಗಡಬಡಿಸಿ ಎದ್ದು, ಕುರ್ಚಿ ಒರೆಸಿ, ಕುಡಿಯಲು ಬೊಂಡ ತರಿಸಿದ. ಯುದ್ಧದ ಬಗ್ಗೆ, ನಮ್ಮ ಸಾಮಾನಿನ ಬಗ್ಗೆ ಕೇಳಿದ. ನಾನು ಆಟದ ಬಗ್ಗೆ ಕೇಳಿದೆ.

"ಬಿಟ್ಟೆ ಅಕ್ಕಾ."

"ಪೂರ್ತಿ?"

"ಅಪ್ಪನಿಗೆ ಮಾತು ಕೊಟ್ಟಿದ್ದೇನಲ್ಲ." ಗೋಣಿಯ ಒಂದು ಕಟ್ಟನ್ನು ಬಿಗಿದು ಬದಿಗೆ ಸರಿಸಿದ. ಆಮೇಲೆ, "ಅಷ್ಟು ದೊಡ್ಡ ಜನ ನೋಡಿ ಆಗೂದಿಲ್ಲ ಅಂತ ಹೇಳಿದ್ದಾರಲ್ಲ ಅಕ್ಕಾ, ಅವರಿಗೆ ಗೊತ್ತಿರ್ತದೆ," ಎಂದ.

ಅವರಿಗೆ ಏನೂ ಗೊತ್ತಿಲ್ಲ, ಮೂರ್ಖರು, ನೀನು ಆಡು ಎಂದು ಅಂಗಡಿಯ ಆಳುಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಅವನು ನನ್ನನ್ನು ಸಮಾಧಾನ ಮಾಡಿದ. ಸಮಾಧಾನ ಬೇಕಾಗಿದ್ದದ್ದು ಯಾರಿಗೆ, ಮಾಡಿದವನು ಯಾರು! ಬೊಂಡ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ತೊಂಬತ್ತೊಂದರ ಕೊನೆಗೆ ನಾವು ಕುವೈತಿಗೆ ಮರಳಿದೆವು. ಉರಿದ ಎಣ್ಣೆಬಾವಿಗಳ ಹೊಗೆಯಿಂದ ಮಿರ್ಕಾಬಿನ ಆಫೀಸಿನ ಗೋಡೆಗೆ ಹಿಡಿದ ಮಸಿಯನ್ನು ಇನ್ನೂ ಪೂರ್ತಿ ತೊಳೆದಿರಲಿಲ್ಲ. ದಣಿಗೆ ಮೊದಲು ನೆನಪಾದದ್ದು ಟೀಮು. ಉದ್ದದವನು ಯುದ್ಧದ ಸಮಯದಲ್ಲಿ ಊರಿಗೆ ಹೋದವನು ಬರುವುದಿಲ್ಲ ಎಂದಿದ್ದ. ನಾನು ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗ ದಣಿ ಅಲ್ಲೇ ಇದ್ದರು.

"ಆ ಬಂದರಿನ ಹುಡುಗ ಎಂತ ಮಾಡ್ತಾನೆ ಈಗ? ಕರೆಸುವಾ ಅಂತ. ಪಾಸ್ ಒಳ್ಳೇದು ಕೊಡ್ತಿದ್ದ, ಅಲ್ವಾ?"

ಪಾಸ್ ಕಂಡಿತ್ತು ಹಾಗಾದರೆ! ಕಂಡೂ ಬೇಡವೆಂದಿದ್ದರು!

"ಅವನು ಆಟ ಬಿಟ್ಟಿದ್ದಾನೆ ದಣಿ," ಎಂದರು ನನ್ನ ಗಂಡ.

"ಬಿಟ್ಟೇಬಿಟ್ಟನಾ?" ದಣಿ ತುಟಿ ಉಬ್ಬಿಸಿ ತಲೆಯಾಡಿಸಿದರು. "ಅಂದ್ರೆ ಆಟದ ಮೇಲೆ ಅಷ್ಟು ಪ್ರೀತಿಯೇ ಇರ್ಲಿಲ್ಲ ಅಂತ ಆಯ್ತಲ್ಲ. ನಾವು ತೆಗೊಳ್ಳದ್ದೇ ಒಳ್ಳೇದಾಯ್ತು."

ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. "ಪ್ರೀತಿ ಇಲ್ಲದವನು ಒಣಗಿದ ಗಂಟಲಲ್ಲಿ ಮೂರು ದಿನ ನಿಮ್ಮ ಎದುರು ಯಾಕೆ ಓಡಿದ ದಣಿ? ನಿಮ್ಮ ಮುಖ ನೋಡ್ಲಿಕ್ಕಾ?"

ಗಂಡ ನೆಲ ನೋಡಿದರು. ದಣಿ ಮಾತ್ರ ಸಣ್ಣ ಮಕ್ಕಳ ಹಟ ನೋಡಿದ ಹಾಗೆ ನಕ್ಕುಬಿಟ್ಟರು.

"ಅಮ್ಮನ ಸಿಟ್ಟು ಇನ್ನೂ ಹೋಗ್ಲಿಲ್ವಾ?"

"ಇಲ್ಲ," ಎಂದೆ. "ಹೋಗೂದೂ ಇಲ್ಲ."